ಟವೆಲ್ ಹಾಕಿದ ಸೀಟು

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯೋದು ಹೇಗೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಕಿಟಕಿಯಿಂದ ಒಂದು ಟವೆಲ್ ಒಳಗೆ ಬಿದ್ದಿರುತ್ತದೆ. ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಟವೆಲ್ಲಿಗೆ ವೀಕ್ ಸಿಂಬಲ್ ಅಂತಾರೆ. ಒಂದು ಫಂಕ್ಷನ್ನಿಗೆ, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡಿಗೆ, ವೀಕ್ ಅಂತ ಗುರುತು ಹಾಕಿದರೆ, "ಸದ್ಯಕ್ಕೆ ಇದು ಇಲ್ಲಿರಲಿ, ನಿಜವಾದವರು ಬಂದರೆ ಎತ್ತಿ ಪಕ್ಕಕ್ಕಿಡಿ" ಅಂತ ಅರ್ಥ. ಇಷ್ಟು ಸಣ್ಣ ವಿಷಯ ನನ್ನ ಎರಡು ದಿನ ತಿಂದು ಹಾಕಿತು.

ಕೆಲಸವೂ ಸಣ್ಣದೇ. ಒಂದು ಪುಟ್ಟ ಬೋರ್ಡು, ಅದಕ್ಕೊಂದು ಫ್ಯಾನು. ಬಿಸಿ 60 ಡಿಗ್ರಿ ದಾಟಿದರೆ ಫ್ಯಾನು ತಿರುಗಬೇಕು. ಬೋರ್ಡಿನ ಗೊಡವೆ ಬೇಡ, ಲ್ಯಾಪ್‌ಟಾಪಿನಲ್ಲೇ ಟೆಸ್ಟ್ ಮಾಡೋಣ ಅಂತ ಕೂತೆ. ಬಿಸಿ ಎಷ್ಟಿದೆ ಅಂತ ಓದುವ ಫಂಕ್ಷನ್ ವೀಕ್ ಆಗಿತ್ತು. ಯಾರು ಕೇಳಿದರೂ ಸುಮ್ನೆ 25 ಅಂತ ಹೇಳುತ್ತಿತ್ತು. ನಾನು ಅದೇ ಹೆಸರಿನಲ್ಲಿ, ವೀಕ್ ಹಾಕದೆ, 85 ಅನ್ನುವ ನಕಲಿ ಫಂಕ್ಷನ್ ಬರೆದೆ. ಇಂಥ ನಕಲಿಗಳನ್ನೆಲ್ಲ ಸೇರಿಸಿ ಒಂದು ಸ್ಟ್ಯಾಟಿಕ್ ಲೈಬ್ರರಿ, ಅಂದರೆ ಬೇಕಾದಾಗ ತೆಗೆದುಕೊಳ್ಳುವ ಕೋಡಿನ ಗಂಟು, ಕಟ್ಟಿದೆ. ಬಿಲ್ಡ್ ಆಯಿತು, ಒಂದೇ ಒಂದು ವಾರ್ನಿಂಗ್ ಇಲ್ಲ. ಟೆಸ್ಟ್ ಓಡಿಸಿದರೆ ಫೇಲ್!

ತಪ್ಪು ಫ್ಯಾನಿನ ಕೋಡಿನದೇ ಅಂದುಕೊಂಡೆ. ಅರ್ಧ ದಿನ ಆ ಬಡಪಾಯಿಯನ್ನು ಗೋಳು ಹೊಯ್ದುಕೊಂಡೆ. ಒಂದು ಹಂತದಲ್ಲಿ 'ಜಾಸ್ತಿ' ಚಿಹ್ನೆ ತೆಗೆದು 'ಕಡಿಮೆ' ಚಿಹ್ನೆ ಹಾಕಿದೆ. ಟೆಸ್ಟ್ ಪಾಸ್. ಥಂಡಿಯಾದಾಗ ತಿರುಗುವ ಫ್ಯಾನನ್ನು ಯಾರು ಕೊಳ್ತಾರೆ ಅಂತ ಹೊಳೆದ ಮೇಲೆ ನಾಚಿಕೆಯಾಗಿ ವಾಪಸ್ ಬದಲಿಸಿದೆ. ಕೊನೆಗೆ ನಕಲಿ ಫಂಕ್ಷನ್ನಿನೊಳಗೆ ಪರದೆ ಮೇಲೆ ಅಕ್ಷರ ಮೂಡಿಸುವ ಒಂದು ಪ್ರಿಂಟ್‌ಎಫ್ ಹಾಕಿದೆ: "ಬಂದೆ ಗುರು". ಓಡಿಸಿದೆ. ಯಾರೂ ಬರಲಿಲ್ಲ.

ಆಗ ಕೋಡಿನ ತುಂಡುಗಳನ್ನೆಲ್ಲ ಜೋಡಿಸಿ ಒಂದು ಪ್ರೋಗ್ರಾಮ್ ಮಾಡುವ ಲಿಂಕರ್ ಮೇಲೆ ಅನುಮಾನ ಬಂತು. ಈ ಲಿಂಕರ್ ಒಬ್ಬ ಕಂಡಕ್ಟರ್ ಇದ್ದ ಹಾಗೆ. ಪ್ರೋಗ್ರಾಮಿಗೆ ಬೇಕಾದ ಒಂದೊಂದು ಫಂಕ್ಷನ್ನಿಗೂ ಒಂದು ಸೀಟು, ಲೈಬ್ರರಿಯಲ್ಲಿರುವವರು ಸ್ಟಾಪಿನಲ್ಲಿ ನಿಂತ ಜನ. ಸೀಟು ಖಾಲಿ ಇದ್ದರೆ ಮಾತ್ರ ಅವನು ಕೆಳಗಿನವರನ್ನು ಕೂಗಿ ಹತ್ತಿಸುತ್ತಾನೆ. ಸೀಟಿನ ಮೇಲೆ ಟವೆಲ್ ಇದ್ದರೂ ಅವನ ಲೆಕ್ಕದಲ್ಲಿ ಅದು ಭರ್ತಿ. ರೈಟ್ ರೈಟ್! ನನ್ನ ನಕಲಿ ಫಂಕ್ಷನ್ ಸ್ಟಾಪಿನಲ್ಲೇ ನಿಂತಿತ್ತು. ಟವೆಲ್ ಎತ್ತಬೇಕಾದರೆ ಮೊದಲು ಬಸ್ ಹತ್ತಬೇಕಲ್ವಾ? ಹೋಲ್ ಆರ್ಕೈವ್ ಅನ್ನುವ ಆಪ್ಷನ್ ಕೊಟ್ಟರೆ ಸ್ಟಾಪಿನಲ್ಲಿರುವವರನ್ನೆಲ್ಲ ತುಂಬಿಕೊಂಡು ಬರುತ್ತಾನೆ. ಅಷ್ಟು ಜಾತ್ರೆ ಬೇಡ ಅಂತ ಲೈಬ್ರರಿ ಬಿಟ್ಟು ನಕಲಿಯ ಆಬ್ಜೆಕ್ಟ್ ಫೈಲನ್ನೇ (ಕಂಪೈಲ್ ಆದ ಕೋಡಿನ ಫೈಲು) ನೇರವಾಗಿ ಕೊಟ್ಟೆ.

ಮತ್ತೆ 25.

"ಊಟಕ್ಕೆ ಬರ್ತೀಯೋ ಇಲ್ವೋ?" ಅಂತ ಅಮ್ಮ. "ಎರಡೇ ನಿಮಿಷ" ಅಂದೆ. ಸಾರು ಮೂರು ಸಲ ಬಿಸಿಯಾಯಿತು. ಮೂರನೇ ಸಲಕ್ಕೆ ಅದು 85 ಡಿಗ್ರಿ ದಾಟಿರಲೇಬೇಕು. ನನ್ನ ಟೆಸ್ಟ್ ಮಾತ್ರ 25 ಬಿಟ್ಟು ಕದಲಲಿಲ್ಲ.

ಎನ್‌ಎಂ ಅಂತ ಒಂದು ಕಮಾಂಡ್ ಇದೆ. ಆಬ್ಜೆಕ್ಟ್ ಫೈಲಿನಲ್ಲಿ ಯಾರ್ಯಾರಿದ್ದಾರೆ ಅಂತ ಪಟ್ಟಿ ಕೊಡುತ್ತದೆ. ಮಾಮೂಲಿ ಫಂಕ್ಷನ್ ಆದರೆ ಹೆಸರಿಗೆ ಮೊದಲು ಟಿ, ವೀಕ್ ಆದರೆ ಡಬ್ಲ್ಯು. ಎರಡೂ ಫೈಲು ನೋಡಿದೆ. 25 ಹೇಳುವ ಅಸಲಿಗೂ ಡಬ್ಲ್ಯು, ನಕಲಿಗೂ ಡಬ್ಲ್ಯು! ನಾನು ವೀಕ್ ಅಂತ ಬರೆದೇ ಇಲ್ಲವಲ್ಲ ಅಂತ ಹುಡುಕಿದರೆ, ಎರಡೂ ಕಡೆ ಸೇರಿಸಿಕೊಳ್ಳುವ ಹೆಡರ್ ಫೈಲಿನಲ್ಲಿ, ಫಂಕ್ಷನ್ನಿನ ಹೆಸರು ಹೇಳುವ ಡಿಕ್ಲರೇಶನ್‌ನಲ್ಲೇ ವೀಕ್ ಕೂತಿತ್ತು. ಆ ಹೆಡರ್ ಸೇರಿಸಿಕೊಂಡ ಎಲ್ಲರ ಕೈಗೂ ಒಂದೊಂದು ಟವೆಲ್. ಅದನ್ನು ಅಲ್ಲಿ ಬರೆದವರು ಯಾರು ಅನ್ನೋದು ಇಲ್ಲಿ ಬೇಡ.

ಒಂದೇ ಸೀಟಿಗೆ ಎರಡು ಟವೆಲ್ ಬಿದ್ದರೆ, ಮೊದಲು ಬಿದ್ದದ್ದೇ ಗೆದ್ದಿತು. ಲಿಂಕರ್‌ಗೆ ಕೊಡುವ ಸಾಲಿನಲ್ಲಿ ನಕಲಿಯನ್ನು ಮುಂದಕ್ಕೆ ತಂದೆ. ಪಾಸ್! ಹೆಡರ್ ಮುಟ್ಟುವ ಉಸಾಬರಿ ಯಾಕೆ ಅಂತ ಹಾಗೇ ಬಿಟ್ಟು ಮಲಗಿದೆ.

ಬೆಳಗ್ಗೆ ಸಹೋದ್ಯೋಗಿಯ ಫೋನು. "ನಿಮ್ಮ ಟೆಸ್ಟ್ ನನ್ನ ಹತ್ರ ಫೇಲ್ ಆಗ್ತಿದೆಯಲ್ರೀ." ನಾನು ಫೈಲಿನ ಹೆಸರು ಬದಲಿಸಿ ಅಕಾರಾದಿಯಲ್ಲಿ ಮುಂದೆ ಬರುವ ಹಾಗೆ ಮಾಡಿದ್ದೆ, ಅಷ್ಟೇ. ಫೈಲುಗಳನ್ನು ಹುಡುಕಿ ತರುತ್ತಿದ್ದದ್ದು ಬಿಲ್ಡ್ ಮಾಡುವ ಜಿಎನ್‌ಯು ಮೇಕ್ ಅನ್ನುವ ಪ್ರೋಗ್ರಾಮಿನ ವೈಲ್ಡ್‌ಕಾರ್ಡ್. 2020ರಲ್ಲಿ ಬಂದ 4.3 ಆವೃತ್ತಿ ಅವನ್ನು ಅಕಾರಾದಿಯಾಗಿ ಜೋಡಿಸುತ್ತದೆ. ಅದಕ್ಕಿಂತ ಹಿಂದಿನ 4.2 ಹಾಗೆ ಜೋಡಿಸುವುದಿಲ್ಲ. ಅವರ ಹತ್ರ ಇದ್ದದ್ದು 4.2.

ಮಾಡಬೇಕಾದ್ದನ್ನು ಕೊನೆಗೂ ಮಾಡಿದೆ. ಹೆಡರಿನಿಂದ ವೀಕ್ ತೆಗೆದು, 25 ಹೇಳುವ ಫಂಕ್ಷನ್ ಇರುವ ಫೈಲಿನಲ್ಲಿ ಮಾತ್ರ ಹಾಕಿದೆ. ಎನ್‌ಎಂ ಓಡಿಸಿದೆ. ಒಂದು ಡಬ್ಲ್ಯು, ಒಂದು ಟಿ. ಯಾವ ಸಾಲಿನಲ್ಲಿ ಕೊಟ್ಟರೂ, ಯಾರ ಮೆಷೀನಿನಲ್ಲೂ ಪಾಸ್. ಪರದೆ ಮೇಲೆ "ಬಂದೆ ಗುರು" ಅಂತ ಬಂದಾಗ ಎದ್ದು ನಿಂತು ಕೈ ಮುಗಿಯುವುದೊಂದು ಬಾಕಿ.

ಆ ಖುಷಿಯಲ್ಲಿ ಪ್ರಿಂಟ್‌ಎಫ್ ತೆಗೆಯುವುದೇ ಮರೆತು ಹೋಯಿತು. ಟೆಸ್ಟ್‌ಗಳೆಲ್ಲ ರಾತ್ರಿ 2 ಗಂಟೆಗೆ ತಾವಾಗೇ ಓಡುತ್ತವೆ, ಲಾಗ್ ಎಲ್ಲರಿಗೂ ಮೇಲ್ ಆಗುತ್ತದೆ. ವಾರ ಕಳೆದ ಮೇಲೆ ಮೀಟಿಂಗಿನಲ್ಲಿ, ಕನ್ನಡ ಬಾರದ ನಮ್ಮ ಮ್ಯಾನೇಜರ್ ಮೆಚ್ಚುಗೆಯಿಂದ ಕೇಳಿದರು: "ದಿನಾ ರಾತ್ರಿ ಎರಡು ಗಂಟೆಗೆ ಕೆಲಸ ಮಾಡ್ತಾರಲ್ಲ, ಈ ಬಂದೆ ಗುರು ಯಾವ ಟೀಮು?"