ಮಾತು ಯಾರದು ಅಂತ ಹೇಳಿಬಿಡಿ

ಪತ್ರಿಕೆಯ ಡೆಸ್ಕ್‌ನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದ್ದೇನೆ. ರಾತ್ರಿ ಹನ್ನೊಂದೂವರೆಗೆ ವಿದೇಶ ಪುಟ ಬಿಡಬೇಕು. ಕೊನೇ ಗಳಿಗೆಯಲ್ಲಿ ಒಂದು ಜಾಹೀರಾತು ರದ್ದಾಗುತ್ತದೆ. ಪುಟದಲ್ಲಿ ಎರಡು ಕಾಲಂ ಖಾಲಿ. ಈ ಸುದ್ದಿ ಎಲ್ಲಿಂದ ಬಂತು, ಯಾರು ಬರೆದರು ಅಂತ ಆ ಹೊತ್ತಿನಲ್ಲಿ ಯಾರೂ ವಿಚಾರಿಸುತ್ತಾ ಕೂರುವುದಿಲ್ಲ. ಅಳತೆಗೆ ಸರಿಹೋಗುವ ಏಜೆನ್ಸಿ ಕಾಪಿ, ಅಂದರೆ ಸುದ್ದಿ ಸಂಸ್ಥೆ ಕಳಿಸಿದ ಬರಹ, ಸಿಕ್ಕರೆ ಸಾಕು. ಬೇಗ ಬೇಗ ಅನುವಾದ ಮಾಡಿ, ಒಂದು ತಲೆಬರಹ ಕೊಟ್ಟು ಪುಟ ಕಳಿಸುತ್ತೇವೆ.

ಜಗತ್ತಿನ ಮಾಧ್ಯಮಗಳ ಒಳಗೆ ಚೀನಾ ಹೇಗೆ ಕಾಲಿಟ್ಟಿತು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಎರಡು ಕಾಲಂ ಖಾಲಿ ಜಾಗ.

ಷಿನ್‌ಹುವಾ ಚೀನಾ ಸರ್ಕಾರದ ಸುದ್ದಿ ಸಂಸ್ಥೆ. 1931ರಲ್ಲಿ ಅದನ್ನು ಹುಟ್ಟುಹಾಕಿದ್ದೇ ಕಮ್ಯುನಿಸ್ಟ್ ಪಕ್ಷ. ಆಫ್ರಿಕಾ, ಏಷ್ಯಾದ ಹಲವು ಪತ್ರಿಕೆಗಳಿಗೆ ಅದು ತನ್ನ ಸುದ್ದಿಯನ್ನು ತೀರಾ ಕಡಿಮೆ ಬೆಲೆಗೆ, ಕೆಲವು ಕಡೆ ಪುಕ್ಕಟೆಯಾಗಿಯೇ ಕೊಡುತ್ತದೆ. ರಾಯಿಟರ್ಸ್, ಎಎಫ್‌ಪಿಯಂಥ ಪಾಶ್ಚಾತ್ಯ ಸುದ್ದಿ ಸಂಸ್ಥೆಗಳಿಗೆ ಚಂದಾ ಕಟ್ಟಲು ಕೈಲಾಗದ ಪತ್ರಿಕೆ ಇನ್ನೇನು ಮಾಡೀತು? ತೆಗೆದುಕೊಳ್ಳುತ್ತದೆ. ಆ ಸಂಪಾದಕರನ್ನು ದೂರಲು ನನಗೆ ಮನಸ್ಸಿಲ್ಲ. ಸಣ್ಣ ಪತ್ರಿಕೆಯ ಕಷ್ಟ ಕಂಡವನು ನಾನು. ಷಿನ್‌ಹುವಾ ಕೊಡುವುದೆಲ್ಲ ಸುಳ್ಳೂ ಅಲ್ಲ. ಎಲ್ಲೋ ಒಂದು ರೈಲು ಮಾರ್ಗದ ಉದ್ಘಾಟನೆ, ಎಲ್ಲೋ ಒಂದು ಸಮ್ಮೇಳನ.

ಆದರೆ 2016ರ ಫೆಬ್ರುವರಿಯಲ್ಲಿ ಷಿ ಜಿನ್‌ಪಿಂಗ್ ಒಂದೇ ದಿನ ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿ, ಷಿನ್‌ಹುವಾ, ಸರ್ಕಾರಿ ಟಿವಿ ಸಂಸ್ಥೆ ಸಿಸಿಟಿವಿ ಮೂರೂ ಕಚೇರಿಗಳಿಗೆ ಹೋದರು. ಪಕ್ಷ ಮತ್ತು ಸರ್ಕಾರ ನಡೆಸುವ ಮಾಧ್ಯಮಗಳ ಮನೆತನದ ಹೆಸರು ಪಕ್ಷದ್ದೇ ಆಗಿರಬೇಕು ಅಂತ ಹೇಳಿದರು. ಅವರೇನೂ ಮುಚ್ಚಿಡಲಿಲ್ಲ. ಆ ಸುದ್ದಿ ಬೇರೆ ದೇಶದ ಓದುಗನ ಕೈಗೆ ಬರುವ ಹೊತ್ತಿಗೆ ಮಾತ್ರ ಆ ಮನೆತನದ ಹೆಸರು ಎಷ್ಟೋ ಸಲ ಅಳಿಸಿಹೋಗಿರುತ್ತದೆ. ನನ್ನ ತಕರಾರು ಇಷ್ಟೇ.

ಚೀನಾ ತನ್ನ ಮಾತು ಹೇಳಬಾರದು ಅಂತ ನಾನು ಹೇಳುತ್ತಿಲ್ಲ. ಚಿಕ್ಕವನಿದ್ದಾಗ ರಜೆಗೆ ಕೆಜಿಎಫ್‌ನ ಅತ್ತೆ ಮನೆಗೆ ಹೋಗುತ್ತಿದ್ದೆ. ಪಕ್ಕದ ಮನೆಯಲ್ಲಿ ಒಬ್ಬರು ತಮಿಳು ಮಾಮ ಇದ್ದರು. ಗಣಿ ಕೆಲಸ ಮುಗಿಸಿ ಬಂದು, ಸ್ನಾನ ಮಾಡಿ, ಶಾರ್ಟ್‌ವೇವ್‌ನಲ್ಲಿ ಚೀನಾ ರೇಡಿಯೊದ ತಮಿಳು ಕಾರ್ಯಕ್ರಮ ಹಾಕುತ್ತಿದ್ದರು. ಆ ತಮಿಳು ಸೇವೆ ಶುರುವಾಗಿದ್ದು 1963ರಲ್ಲಿ, ಅಂದರೆ ನಮ್ಮ ಮೇಲೆ ಯುದ್ಧ ಮಾಡಿದ ಮರುವರ್ಷವೇ. ಮಾಮ ಆ ರೇಡಿಯೊದವರಿಗೆ ಕಾಗದ ಬರೆಯುತ್ತಿದ್ದರು. ಬೀಜಿಂಗ್‌ನಿಂದ ಉತ್ತರ ಬರುತ್ತಿತ್ತು, ಜೊತೆಗೆ ಬಣ್ಣದ ಕಾರ್ಡು. ಲಕೋಟೆಯ ಮೇಲಿನ ಸ್ಟ್ಯಾಂಪಿಗಾಗಿ ಮಕ್ಕಳೆಲ್ಲ ಕಾಯುತ್ತಿದ್ದೆವು. ಹಾಗೆಯೇ ಸೋವಿಯತ್ ಲ್ಯಾಂಡ್ ಪತ್ರಿಕೆಯ ನುಣುಪು ಹಾಳೆಯಲ್ಲಿ ಶಾಲೆ ಪುಸ್ತಕಕ್ಕೆ ಬೈಂಡ್ ಹಾಕಿಕೊಂಡವರು ಇಲ್ಲಿ ಬಹಳ ಜನ ಇದ್ದೀರಿ, ಅಲ್ವಾ? ಅವೆಲ್ಲವೂ ಪ್ರಚಾರವೇ. ಆದರೆ ತಾನು ಯಾರ ಮಾತು ಕೇಳುತ್ತಿದ್ದೇನೆ ಅಂತ ಆ ಮಾಮನಿಗೆ ಚೆನ್ನಾಗಿ ಗೊತ್ತಿತ್ತು. ಹಾಡು ಕೇಳುತ್ತಿದ್ದರು, ಗಡಿ ವಿಷಯ ಬಂದಾಗ ತಲೆ ಅಲ್ಲಾಡಿಸಿ ರೇಡಿಯೊ ಆರಿಸುತ್ತಿದ್ದರು.

ಈಗಿನ ದಾರಿ ಬೇರೆ. 2015ರ ನವೆಂಬರ್‌ನಲ್ಲಿ ರಾಯಿಟರ್ಸ್ ಒಂದು ದೊಡ್ಡ ತನಿಖಾ ವರದಿ ಪ್ರಕಟಿಸಿತು. 14 ದೇಶಗಳ 33 ರೇಡಿಯೊ ಕೇಂದ್ರಗಳಲ್ಲಿ ಮುಖ್ಯವಾಗಿ ಪ್ರಸಾರವಾಗುತ್ತಿದ್ದುದು ಚೀನಾ ರೇಡಿಯೊ ಇಂಟರ್‌ನ್ಯಾಷನಲ್ ತಯಾರಿಸಿದ, ಇಲ್ಲವೇ ಅದಕ್ಕಾಗಿ ತಯಾರಾದ ಕಾರ್ಯಕ್ರಮ. ಹೊರಗಿನಿಂದ ನೋಡಿದರೆ ಅವು ಅಲ್ಲಲ್ಲಿಯ ಖಾಸಗಿ ಕಂಪನಿಗಳು ನಡೆಸುವ ಕೇಂದ್ರಗಳು. ಒಂದು ಕಂಪನಿ ಫಿನ್ಲೆಂಡ್‌ನದು, ಒಂದು ಆಸ್ಟ್ರೇಲಿಯಾದ್ದು, ಒಂದು ಅಮೆರಿಕದ್ದು. ಮೂರರಲ್ಲೂ ಶೇ 60 ಪಾಲು ಚೀನಾ ರೇಡಿಯೊದ ಅಧೀನ ಕಂಪನಿಯ ಕೈಯಲ್ಲಿತ್ತು. ಅಮೆರಿಕದ ಸಂಸತ್ತು ಇರುವ ವಾಷಿಂಗ್ಟನ್ ನಗರದಲ್ಲೇ ಕಾರಿನಲ್ಲಿ ಕೂತು ಡಬ್ಲ್ಯುಸಿಆರ್‌ಡಬ್ಲ್ಯು ಕೇಂದ್ರ ಹಾಕಿಕೊಂಡವರಿಗೆ ತಾವು ಕೇಳುತ್ತಿರುವುದು ಬೀಜಿಂಗ್‌ನ ದನಿ ಅಂತ ತಿಳಿಯುತ್ತಿರಲಿಲ್ಲ. ಇದಕ್ಕೆ ಚೀನೀ ಭಾಷೆಯಲ್ಲೇ ಒಂದು ಮಾತಿದೆ: ದೋಣಿ ಎರವಲು ಪಡೆದು ಸಮುದ್ರಕ್ಕೆ ಇಳಿಯುವುದು.

ಪತ್ರಿಕೆಗಳಲ್ಲಿ ಎರವಲು ದೋಣಿಯ ಹೆಸರು ಚೈನಾ ವಾಚ್. ಚೀನಾದ ಸರ್ಕಾರಿ ಇಂಗ್ಲಿಷ್ ಪತ್ರಿಕೆ ಚೈನಾ ಡೈಲಿ ತಯಾರಿಸುವ ಪುರವಣಿ. ವಾಷಿಂಗ್ಟನ್ ಪೋಸ್ಟ್, ಲಂಡನ್ನಿನ ಡೈಲಿ ಟೆಲಿಗ್ರಾಫ್‌ನಂಥ ಪತ್ರಿಕೆಗಳ ಜೊತೆ ವರ್ಷಗಟ್ಟಲೆ ಬಂತು. ಇದು ದುಡ್ಡು ಕೊಟ್ಟು ಹಾಕಿಸಿದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಿತ್ತು. ಪುಟ ಕಟ್ಟಿದ ಅನುಭವ ಇರುವವರಿಗೆ ಆ ಸಣ್ಣ ಅಕ್ಷರ ಯಾಕೆ ಅಷ್ಟು ಸಣ್ಣದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ, ಸುದ್ದಿ ತುರುಕುವುದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಸುದ್ದಿ ಇಲ್ಲವಾಗುವುದು. ದಕ್ಷಿಣ ಆಫ್ರಿಕಾದಲ್ಲಿ ಇಂಡಿಪೆಂಡೆಂಟ್ ಮೀಡಿಯಾ ಅಂತ ದೊಡ್ಡ ಪತ್ರಿಕಾ ಸಮೂಹ ಇದೆ. ಜೊಹಾನ್ಸ್‌ಬರ್ಗ್‌ನ ದಿ ಸ್ಟಾರ್, ಕೇಪ್ ಟೈಮ್ಸ್ ಎಲ್ಲ ಅದರವೇ. 2013ರಲ್ಲಿ ಅದು ಕೈ ಬದಲಾದಾಗ ಶೇ 20 ಪಾಲು ಚೀನಾ ಸರ್ಕಾರದ ಹಿಡಿತದ ಎರಡು ಸಂಸ್ಥೆಗಳ ಕೂಟಕ್ಕೆ ಹೋಯಿತು. ಶೇ 20 ಅಷ್ಟೇ ತಾನೇ, ಅದರಿಂದ ಏನಾಗುತ್ತದೆ ಅನಿಸಬಹುದು. 2018ರ ಸೆಪ್ಟೆಂಬರ್‌ನಲ್ಲಿ ಅಜಾದ್ ಎಸ್ಸಾ ಎಂಬ ಪತ್ರಕರ್ತರು ತಮ್ಮ ವಾರದ ಅಂಕಣದಲ್ಲಿ ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ಉಯ್ಗರ್ ಮುಸ್ಲಿಮರ ಬಗ್ಗೆ ಬರೆದರು. ಹತ್ತು ಲಕ್ಷದಷ್ಟು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿರಬಹುದು ಎಂಬ ಅಂದಾಜು ಅದರ ಹಿಂದಿನ ತಿಂಗಳಷ್ಟೇ ವಿಶ್ವಸಂಸ್ಥೆಯ ಸಮಿತಿಯ ಮುಂದೆ ಬಂದಿತ್ತು. ಲೇಖನ ಅಚ್ಚಾಯಿತು. ಅದರ ಬೆನ್ನಿಗೇ ಅಂಕಣ ನಿಂತಿತು. ಪತ್ರಿಕೆಗಳ ವಿನ್ಯಾಸ ಬದಲಾಗುತ್ತಿದೆ, ನಿಮ್ಮ ಅಂಕಣಕ್ಕೆ ಇನ್ನು ಜಾಗ ಇಲ್ಲ ಅಂತ ತಮಗೆ ತಿಳಿಸಿದರು ಎಂದು ಎಸ್ಸಾ ಆಮೇಲೆ ಬರೆದರು.

ಜಾಗ ಇಲ್ಲ. ಆ ಮಾತು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ನನಗೂ ಒಮ್ಮೆ ಹಾಗೇ ಹೇಳಿದ್ದರು. ನಾನು ಆಗ ಇದ್ದ ಪತ್ರಿಕೆಗೆ ನಮ್ಮ ವರದಿಗಾರ ಕೆರೆ ಒತ್ತುವರಿಯ ಸುದ್ದಿ ತಂದಿದ್ದ. ಸರ್ವೆ ನಕ್ಷೆ ಇತ್ತು, ಫೋಟೊ ಇತ್ತು. ಆ ಜಾಗದಲ್ಲಿ ಬಡಾವಣೆ ಮಾಡಿದ ಮಾಲೀಕರು ವಾರಕ್ಕೊಂದು ಮುಖಪುಟ ಜಾಹೀರಾತು ಕೊಡುತ್ತಿದ್ದವರು. ಅವರು ಫೋನ್ ಮಾಡಲಿಲ್ಲ, ಬೆದರಿಸಲಿಲ್ಲ. ಅವರಿಗೆ ವಿಷಯವೇ ಗೊತ್ತಿರಲಿಲ್ಲ. ನಮ್ಮವರೇ ಯೋಚಿಸಿ, ಇವತ್ತು ಜಾಗ ಇಲ್ಲ, ನಾಳೆ ನೋಡೋಣ ಅಂದರು. ನಾಳೆಯೂ ಜಾಗ ಆಗಲಿಲ್ಲ. ನಾನು ಸುಮ್ಮನಿದ್ದೆ. ಅದಕ್ಕೆ ಇವತ್ತಿಗೂ ಬೇಜಾರಿದೆ. ದುಡ್ಡು ಕೆಲಸ ಮಾಡುವ ರೀತಿ ಇದು. ಕೊಟ್ಟವರು ಏನನ್ನೂ ಕೇಳಬೇಕಾಗಿಲ್ಲ. ತೆಗೆದುಕೊಂಡವರೇ ತಿಳಿದುಕೊಂಡು ನಡೆಯುತ್ತಾರೆ.

ಅಮೆರಿಕ ಮಾಡಿಲ್ವಾ ಅಂತ ಕೇಳುವವರು ಇದ್ದೀರಿ. ಮಾಡಿದೆ. ಬುದ್ಧಿಜೀವಿಗಳ ಪತ್ರಿಕೆಗಳಿಗೆ ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎ ಗುಟ್ಟಾಗಿ ದುಡ್ಡು ಹಾಕಿದ್ದು 1967ರಲ್ಲಿ ಬಯಲಾಯಿತು. ಅದೂ ಮೋಸವೇ. ಅದನ್ನು ಮೋಸ ಅಂದವರು ಇದನ್ನೂ ಹಾಗೇ ಕರೆಯಬೇಕು.

ಇನ್ನು ನಮ್ಮ ದೇಶದ ವಿಷಯ. ಚೀನಾ ಪರ ಪ್ರಚಾರಕ್ಕೆ ದುಡ್ಡು ಕೊಡುವ ಜಾಲವೊಂದರ ಬಗ್ಗೆ ನ್ಯೂಯಾರ್ಕ್ ಟೈಮ್ಸ್ 2023ರ ಆಗಸ್ಟ್‌ನಲ್ಲಿ ಬರೆದಾಗ ದೆಹಲಿಯ ಸುದ್ದಿ ಜಾಲತಾಣ ನ್ಯೂಸ್‌ಕ್ಲಿಕ್ ಹೆಸರೂ ಬಂತು. ನ್ಯೂಸ್‌ಕ್ಲಿಕ್ ಆರೋಪವನ್ನು ಅಲ್ಲಗಳೆಯಿತು. ಅಕ್ಟೋಬರ್‌ನಲ್ಲಿ ಪೊಲೀಸರು ಹತ್ತಾರು ಪತ್ರಕರ್ತರ ಮನೆಗೆ ನುಗ್ಗಿ ಫೋನು, ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರು. ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರನ್ನು ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯಡಿ ಬಂಧಿಸಿದರು. ಬಂಧನದ ಕಾರಣವನ್ನು ಬರಹದಲ್ಲಿ ಕೊಡದ ಕಾರಣ ಆ ಬಂಧನವೇ ಕಾನೂನುಬಾಹಿರ ಅಂತ 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚೀನಾದ ಬಗ್ಗೆ ಇಷ್ಟೆಲ್ಲ ಬರೆದ ನಾನೇ ಹೇಳುತ್ತೇನೆ, ಇದು ದಾರಿಯಲ್ಲ. ಸರ್ಕಾರಕ್ಕೆ ಇಷ್ಟವಿಲ್ಲದ್ದನ್ನು ಬರೆದವರ ಮನೆಗೆ ಪೊಲೀಸರನ್ನು ಕಳಿಸುವುದು ಬೀಜಿಂಗ್‌ಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಅದನ್ನು ನಾವು ಕಲಿಯುವುದು ಬೇಡ.

ಬ್ರಿಟನ್ ಮಾಡಿದ್ದು ನನಗೆ ಹೆಚ್ಚು ಸರಿ ಅನಿಸಿತು. 2021ರ ಫೆಬ್ರುವರಿಯಲ್ಲಿ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಚೀನಾದ ಸಿಜಿಟಿಎನ್ ಚಾನೆಲ್ಲಿನ ಪರವಾನಗಿ ರದ್ದು ಮಾಡಿತು. ಪರವಾನಗಿ ಇದ್ದದ್ದು ಒಂದು ಕಂಪನಿಯ ಹೆಸರಲ್ಲಿ. ಏನು ಪ್ರಸಾರ ಮಾಡಬೇಕು ಅಂತ ತೀರ್ಮಾನಿಸುವ ಅಧಿಕಾರ ಆ ಕಂಪನಿಗೆ ಇರಲೇ ಇಲ್ಲ. ಯಾರನ್ನೂ ಜೈಲಿಗೆ ಹಾಕಲಿಲ್ಲ. ಚಾನೆಲ್ ನಡೆಸುವವರು ಯಾರು ಅಂತ ಕೇಳಿದರು, ಅಷ್ಟೇ. ಒಂದು ವಾರದಲ್ಲಿ ಚೀನಾ ತನ್ನಲ್ಲಿ ಬಿಬಿಸಿ ವರ್ಲ್ಡ್ ನ್ಯೂಸ್ ನಿಲ್ಲಿಸಿತು.

ಡೆಸ್ಕ್‌ನಲ್ಲಿ ಈಗಲೂ ಕೆಲಸ ಮಾಡುತ್ತಿರುವ ಗೆಳೆಯರಿಗೆ, ಅದರಲ್ಲೂ ಕನ್ನಡ ಪತ್ರಿಕೆಗಳವರಿಗೆ ಒಂದು ಕೋರಿಕೆ. ಚೀನಾ ಸುದ್ದಿಗೆ ನಾವು ಏಜೆನ್ಸಿಗಳನ್ನೇ ನಂಬಿಕೊಂಡಿದ್ದೇವೆ. ಎರಡು ಕಾಲಂ ಖಾಲಿ ಉಳಿದಾಗ ಷಿನ್‌ಹುವಾ ಕಾಪಿ ಕೈಗೆ ಸಿಕ್ಕರೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಸುದ್ದಿಯ ಶುರುವಿನಲ್ಲಿ ಊರಿನ ಹೆಸರು ಹಾಕುವ ಡೇಟ್‌ಲೈನ್ ಪಕ್ಕದಲ್ಲಿ 'ಏಜೆನ್ಸೀಸ್' ಅಂತ ಹಾಕಿ ಮುಗಿಸಬೇಡಿ. 'ಷಿನ್‌ಹುವಾ, ಚೀನಾ ಸರ್ಕಾರಿ ಸುದ್ದಿ ಸಂಸ್ಥೆ' ಅಂತ ಪೂರ್ತಿ ಬರೆಯಿರಿ. ಜಾಗ ಸಾಲದಿದ್ದರೆ ಕೊನೆಯ ಪ್ಯಾರಾ ಕತ್ತರಿಸಿ.