ಕರೆ ಬಂದಿದ್ದು ನನಗಲ್ಲ

ಸಂಡೇ ಸ್ಕೂಲಿನಲ್ಲಿ ಬೈಬಲ್ಲಿನ ಬಾಲಕ ಸಮುವೇಲನ ಕಥೆ ಹೇಳಿದರೆ ಮಕ್ಕಳಿಗೆಲ್ಲ ಸಮುವೇಲನೇ ಹೀರೋ. ದೇವರು ಹೆಸರು ಹಿಡಿದು ಕರೆದರೆ ಯಾರಿಗೆ ತಾನೇ ಖುಷಿಯಾಗಲ್ಲ? ನನಗೆ ಮಾತ್ರ ಈಚೆಗೆ ಅವನ ಗುರು, ಯಾಜಕ ಏಲಿಯ ಮೇಲೇ ಕಣ್ಣು. ವಯಸ್ಸಾಗಿದೆ, ದೃಷ್ಟಿ ಮಂಜಾಗಿದೆ, ಹೆತ್ತ ಮಕ್ಕಳು ಕೈಮೀರಿ ಹೋಗಿದ್ದಾರೆ. ಈ ಹುಡುಗ ಬೇರೆ ಮೂರು ಸಲ ಎದ್ದು ಬಂದು ‘ಕರೆದಿರಾ?’ ಅಂತ ನಿದ್ದೆ ಕೆಡಿಸುತ್ತಾನೆ. ನಮ್ಮ ಮನೆಯಾಗಿದ್ದರೆ ಎರಡನೇ ಸಲಕ್ಕೇ ಬೆನ್ನಿಗೊಂದು ಬೀಳುತ್ತಿತ್ತು. ಏಲಿಗೆ ಮೂರನೇ ಸಲಕ್ಕೆ ಹೊಳೆಯಿತು. ಕರೆ ಬಂದಿರುವುದು ಇವನಿಗೆ, ತನಗಲ್ಲ. ಹೋಗಿ ಮಲಗು, ಮತ್ತೆ ಕರೆದರೆ ಹೀಗೆ ಉತ್ತರ ಕೊಡು ಅಂತ ಹೇಳಿಕೊಟ್ಟ. ಆಮೇಲೆ ಬಂದ ಸಂದೇಶವಾದರೂ ಏನು? ಏಲಿಯ ಮನೆತನದ ಕಥೆ ಮುಗಿಯಿತು ಅಂತ. ಅದನ್ನೂ ಹುಡುಗನ ಬಾಯಿಂದಲೇ ಹೇಳಿಸಿ ಕೇಳಿಸಿಕೊಂಡ. ಗಟ್ಟಿ ಮನುಷ್ಯ.

ಸೈನ್ಸ್ ಫಿಕ್ಷನ್ ಸಿನಿಮಾ ನೋಡುವಾಗ ನಾನು ಹುಡುಕುವುದು ಈ ಏಲಿಯನ್ನೇ, ಇನ್ನೊಬ್ಬನಿಗೆ ಬಂದ ಕರೆಯನ್ನು ಗುರುತಿಸುವವನನ್ನು. ಮುಂಬೈಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಇದನ್ನು ಹೇಳಿಕೊಂಡರೆ ನಗುತ್ತಾರೆ. ಬೀದರ್ ಕಡೆಯ ಹಿರಿಯರಿಗೆ ಸಿನಿಮಾ ಅಂದರೇನೇ ಅಷ್ಟಕ್ಕಷ್ಟೆ. ಇನ್ನು ಬಾಲ ಇರೋ ನೀಲಿ ಮನುಷ್ಯ ಪ್ರಾರ್ಥನೆ ಮಾಡುತ್ತಾನೆ ಅಂದರೆ ಕೇಳಬೇಕಾ! ಆದರೆ ಅಂಥವನೊಬ್ಬ ಇದ್ದಾನೆ, 2003ರ ಎಕ್ಸ್‌ಮೆನ್ ಸಿನಿಮಾ ‘ಎಕ್ಸ್ 2’ರಲ್ಲಿ. ಹೆಸರು ನೈಟ್‌ಕ್ರಾಲರ್. ಇಲ್ಲಿ ಮಾಯ, ಅಲ್ಲಿ ಪ್ರತ್ಯಕ್ಷ. ಸಂಜೆ ಆರಕ್ಕೆ ದಾದರಿನಲ್ಲಿ ವಿರಾರ್ ಲೋಕಲ್ ಹತ್ತುವವರು ಇದಕ್ಕಿಂತ ದೊಡ್ಡ ವರ ಕೇಳಲಾರರು. ಇಂಥವನು ಅಡಗಿ ಕೂತಿರುವುದು ಒಂದು ಪಾಳು ಚರ್ಚಿನಲ್ಲಿ. ಜನ ಇರುವ ಚರ್ಚಿಗೆ ಹೋದರೆ ಯಾವ ಬೆಂಚಿನಲ್ಲಿ ಜಾಗ ಬಿಟ್ಟಾರು? ನಮ್ಮಲ್ಲೂ ಅನುಮಾನವೇ.

1977ರ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ನನಗೆ ಇವೆಲ್ಲಕ್ಕಿಂತ ಹತ್ತಿರದ ಸಿನಿಮಾ. ರಾಯ್ ನಿಯರಿ ಕರೆಂಟ್ ಲೈನ್ ರಿಪೇರಿ ಮಾಡುವವನು. ಒಂದು ರಾತ್ರಿ ಆಕಾಶದಲ್ಲಿ ಏನೋ ಕಂಡ, ಅಷ್ಟೇ. ಆವತ್ತಿನಿಂದ ತಲೆಯೊಳಗೆ ಒಂದು ಬೆಟ್ಟದ ಆಕಾರ ಬಂದು ಕೂತುಬಿಟ್ಟಿತು. ಊಟಕ್ಕೆ ಕೂತಾಗ ಹಿಸುಕಿದ ಆಲೂಗಡ್ಡೆಯನ್ನು ತಟ್ಟೆಗೆ ಬಡಿಸಿಕೊಳ್ಳುತ್ತಾನೆ, ಮತ್ತೂ ಬಡಿಸಿಕೊಳ್ಳುತ್ತಾನೆ. ಫೋರ್ಕಿನಿಂದ ಅದರ ಬದಿ ಕೆರೆದು ಗುಡ್ಡ ಮಾಡುತ್ತಾನೆ. ಹೆಂಡತಿ ಮಕ್ಕಳು ತಿನ್ನೋದು ಬಿಟ್ಟು ಅವನನ್ನೇ ನೋಡುತ್ತಾರೆ. ಮಗನ ಕಣ್ಣಲ್ಲಿ ನೀರು. ಇದಕ್ಕೇನೋ ಅರ್ಥ ಇದೆ ಅನ್ನುತ್ತಾನೆ ರಾಯ್. ಏನರ್ಥ ಅಂತ ಅವನಿಗೂ ಗೊತ್ತಿಲ್ಲ. ಮುಂದೆ ಕಿಟಕಿಯಿಂದ ಮಣ್ಣು, ಗಿಡ ಎಲ್ಲ ಮನೆಯೊಳಕ್ಕೆ ಸುರಿದು ಆಳೆತ್ತರದ ಬೆಟ್ಟ ಕಟ್ಟುತ್ತಾನೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟೇಹೋಗುತ್ತಾಳೆ. ಅವಳದೇನು ತಪ್ಪು? ಒಂದು ರೂಮು ಅಡುಗೆಮನೆಯ ನಮ್ಮ ಮುಂಬೈ ಮನೆಗಳಲ್ಲಿ ಬೆಟ್ಟಕ್ಕೆ ಜಾಗವೇ ಇಲ್ಲ, ಆ ಮಾತು ಬೇರೆ.

ಚರ್ಚಿನಲ್ಲಿ ಸಾಕ್ಷಿ ಹೇಳುವಾಗ ನಾವು ಈ ಭಾಗವನ್ನು ಹಾರಿಸಿಬಿಡುತ್ತೇವೆ. ಕರೆ ಬಂತು, ಸೇವೆಗೆ ಇಳಿದೆ, ಸ್ತೋತ್ರ. ನಡುವೆ ಮನೆಯವರು ಊಟ ಬಿಟ್ಟು ಕೂತಿದ್ದು ಲೆಕ್ಕಕ್ಕಿಲ್ಲ. ನೋಹ ನಾವೆ ಕಟ್ಟುತ್ತಿದ್ದಾಗ ಅವನ ಹೆಂಡತಿ ಏನಂದಳೋ, ಬೈಬಲ್ಲಿನಲ್ಲಿ ಒಂದಕ್ಷರ ಇಲ್ಲ.

ಕೊನೆಗೆ ಆ ಬೆಟ್ಟ ನಿಜಕ್ಕೂ ಇರುವುದು ಗೊತ್ತಾಗುತ್ತದೆ. ವಯೋಮಿಂಗ್‌ನ ಡೆವಿಲ್ಸ್ ಟವರ್. ಸುತ್ತ ಸೈನ್ಯದ ಕಾವಲು. ಅಲ್ಲಿ ನಮ್ಮ ಏಲಿ ಸಿಗುತ್ತಾನೆ. ಲಕೋಂಬ್ ಅನ್ನುವ ಫ್ರೆಂಚ್ ವಿಜ್ಞಾನಿ. ರಾಯ್‌ನಂತೆ ಬೆಟ್ಟ ಹುಡುಕಿಕೊಂಡು ಬಂದಿರುವವರು ಹುಚ್ಚರಲ್ಲ, ಇವರನ್ನು ಕರೆದಿದ್ದಾರೆ ಅಂತ ಅಧಿಕಾರಿಗಳ ಎದುರು ವಾದಿಸುವವನು ಅವನು. ಇಷ್ಟು ಕಾಲ ಇದರ ಹಿಂದೆಯೇ ಬಿದ್ದ ಅವನನ್ನು ಮಾತ್ರ ಯಾರೂ ಕರೆದಿಲ್ಲ. ನಿನ್ನನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ ಅಂತ ರಾಯ್‌ಗೆ ಹೇಳಿಯೂ ಬಿಡುತ್ತಾನೆ. ಹೇಳಿ, ರಾಯ್ ಅನ್ಯಗ್ರಹದವರ ನೌಕೆ ಹತ್ತಿದರೂ ತಾನು ಕೆಳಗೇ ಉಳಿಯುತ್ತಾನೆ. ನಮ್ಮ ಸಭೆಗಳಲ್ಲಿ ಹೊಟ್ಟೆಕಿಚ್ಚು ಬೇಕಾದಷ್ಟಿದೆ. ಅದನ್ನು ಹೀಗೆ ನೇರವಾಗಿ ಹೇಳಿ ದಾರಿ ಬಿಡುವವರು ಕಮ್ಮಿ.

ವರವನ್ನು ಗುರುತಿಸುವವರೆಲ್ಲ ಏಲಿಗಳೂ ಅಲ್ಲ. ಎಕ್ಸ್‌ಮೆನ್ ಕಥೆಯಲ್ಲಿ ಪ್ರೊಫೆಸರ್ ಝೇವಿಯರ್ ಶಾಲೆ ಕಟ್ಟಿ ವಿಚಿತ್ರ ಮಕ್ಕಳನ್ನು ಸಾಕುತ್ತಾನೆ. ಅವನಷ್ಟೇ ಚುರುಕಾಗಿ ಅವನ ಎದುರಾಳಿ ಮ್ಯಾಗ್ನೆಟೋ ಕೂಡ ಅವರನ್ನು ಗುರುತಿಸುತ್ತಾನೆ, ತನ್ನ ಯುದ್ಧಕ್ಕೆ.

ಇಬ್ಬರೂ ಸಿಗದಿದ್ದರೆ? 2021ರ ಮಲಯಾಳಂ ‘ಮಿನ್ನಲ್ ಮುರಳಿ’ ನೋಡಬೇಕು. ಕ್ರಿಸ್ಮಸ್ ಹೊತ್ತಿಗೆ, ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿದು ಒಂದೇ ತರಹದ ಶಕ್ತಿ ಬರುತ್ತದೆ. ಜೈಸನ್ ಟೈಲರ್. ಶಿಬು ಚಹಾ ಅಂಗಡಿಯಲ್ಲಿ ಕೆಲಸಕ್ಕಿರುವವನು, ಊರಿನವರ ಬಾಯಲ್ಲಿ ಹುಚ್ಚ. ಜೈಸನ್‌ಗೆ ಏಲಿ ಯಾರು ಗೊತ್ತಾ? ಸೂಪರ್‌ಹೀರೋಗಳ ಕಥೆಯೆಲ್ಲ ಅರೆದು ಕುಡಿದ ಪುಟ್ಟ ಹುಡುಗ ಜೋಸ್‌ಮೋನ್. ನಿನಗೆ ಬಂದಿರುವುದು ಇಂಥದ್ದು ಅಂತ ಅವನೇ ಪಾಠ ಮಾಡುತ್ತಾನೆ. ಶಿಬುವಿಗೆ ಅಂಥ ಒಬ್ಬ ಹುಡುಗನೂ ಇಲ್ಲ, ಖಳನಾಗಿಬಿಡುತ್ತಾನೆ. ಪೌಲನು ಬೈಬಲ್ಲಿನ 1 ಕೊರಿಂಥ ಪತ್ರದ 12ನೇ ಅಧ್ಯಾಯದಲ್ಲಿ ವರಗಳ ಪಟ್ಟಿ ಕೊಟ್ಟು 13ರಲ್ಲಿ ಪ್ರೀತಿಯ ಮಾತೆತ್ತುತ್ತಾನಲ್ಲ, ನಾವದನ್ನು ವರ ಪಡೆದವನಿಗೆ ಹೇಳಿದ್ದು ಅಂತಲೇ ಓದುತ್ತೇವೆ. ಪೌಲ ಬರೆದಿದ್ದು ಇಡೀ ಸಭೆಗೆ. ಶಿಬುವನ್ನು ನೋಡಿದ ಮೇಲೆ ಆ ಅಧ್ಯಾಯ ಮೊದಲು ಊರಿನವರು ಓದಬೇಕಿತ್ತು ಅನಿಸಿತು.

ಹಾಗಂತ ಏಲಿಗಳು ಸಿನಿಮಾದಲ್ಲಷ್ಟೇ ಇಲ್ಲ. ನಮ್ಮ ಸಂಡೇ ಸ್ಕೂಲಿನಲ್ಲಿ ಒಬ್ಬ ಹುಡುಗ, ಸ್ಟೇಷನ್ನಿನ ಅನೌನ್ಸ್‌ಮೆಂಟ್‌ಗಳನ್ನು ಮೂರು ಭಾಷೆಯಲ್ಲಿ ಥೇಟ್ ಹಾಗೇ ಹೇಳುತ್ತಾನೆ. ‘ಪ್ಲಾಟ್‌ಫಾರ್ಮ್ ಕ್ರಮಾಂಕ್ ದೋನ್ ವರ್ ಯೇಣಾರೀ...’ ಶುರುವಾಯಿತೆಂದರೆ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದವರೂ ಕಿಸಕ್ ಅನ್ನುತ್ತಾರೆ. ಅವನ ತಾಯಿಗೆ ನಾಚಿಕೆ, ಟೀಚರಿಗೆ ತಲೆನೋವು. ಸಿನಿಮಾ ಕಂಡರಾಗದ ಬೀದರಿನ ಹಿರಿಯರೊಬ್ಬರು ಒಂದು ದಿನ ಅವನನ್ನು ಕರೆದು, ಮುಂದಿನ ಭಾನುವಾರ ಕೀರ್ತನೆ ನೀನೇ ಹೇಳು ಅಂದರು. ಮುಂಬೈಯಲ್ಲೇ ಹುಟ್ಟಿದವನು, ಕನ್ನಡ ಓದಲು ಬರಲ್ಲ. ಅವರು ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟಿದ್ದನ್ನು ಕೇಳಿಕೇಳಿ 23ನೇ ಕೀರ್ತನೆ ಬಾಯಿಪಾಠ ಮಾಡಿಕೊಂಡು ಬಂದ. ಬೀದರಿನ ಉಚ್ಚಾರ, ಮುಂಬೈ ಲೋಕಲ್ಲಿನ ರಾಗ. ಅದರಲ್ಲಿ ಬರುವ ಹಸುರುಗಾವಲು ಇನ್ನೇನು ಮುಂದಿನ ಸ್ಟೇಷನ್ ಅನ್ನುವ ಹಾಗಿತ್ತು. ಆರಾಧನೆ ಮುಗಿದ ಮೇಲೆ ಯಾರೋ ಗೊಣಗಿದರು. ‘ರಾಗ ಹ್ಯಾಂಗರ ಇರ್ಲಿ, ಹಿಂದಿನ ಬೆಂಚಿಗೂ ಕೇಳಿಸ್ತಲ್ಲಪ್ಪ’ ಅಂದರು ಹಿರಿಯರು.

ಈ ಸಲದ ಕ್ರಿಸ್ಮಸ್ ನಾಟಕದಲ್ಲಿ ಅವನಿಗೆ ದೇವದೂತನ ಪಾತ್ರ. ಟೀಚರ್ ಹಾಕಿರುವ ಷರತ್ತು ಒಂದೇ: ಕುರುಬರಿಗೆ ಶುಭವಾರ್ತೆ ಸಾರುವಾಗ ಪ್ಲಾಟ್‌ಫಾರ್ಮ್ ನಂಬರ್ ಹೇಳಕೂಡದು.