ಅಮ್ಮನ ಬೇಸರದ ಹಿಂದೆ ವಿಟಮಿನ್ ಬಿ12 ಕೊರತೆ ಇತ್ತು

ಮನಸ್ಸು ಕುಗ್ಗುವುದಕ್ಕೆ ಊಟದಲ್ಲಿನ ಕೊರತೆಯೂ ಕಾರಣ ಆಗಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾವು ಅದನ್ನು ಮನೆಯಲ್ಲೇ ಕಂಡಿದ್ದೇವೆ.

ನಮ್ಮದು ಉಡುಪಿ, ಮನೆಯಲ್ಲಿ ಮೀನು ಮೊಟ್ಟೆ ಇಲ್ಲ. ಕಳೆದ ವರ್ಷ ಅಮ್ಮ ಮಲ್ಲಿಗೆ ಕಟ್ಟುತ್ತಾ ಕಟ್ಟುತ್ತಾ ಅರ್ಧದಲ್ಲೇ ಕೈ ನಿಲ್ಲಿಸಿ, ಬಾಳೆನಾರು ಹಿಡಿದುಕೊಂಡು ಸುಮ್ನೆ ಕೂತುಬಿಡುತ್ತಿದ್ದರು. ಮಾತು ಕಡಿಮೆ, ಮರೆವು ಜಾಸ್ತಿ. ಪಾದ ಜುಮ್ಮೆನ್ನುತ್ತದೆ, ನಾಲಗೆ ಉರಿಯುತ್ತದೆ ಅನ್ನುತ್ತಿದ್ದರು. ವಯಸ್ಸಾಯಿತಲ್ಲ ಅಂತ ನಾವೆಲ್ಲ ಸುಮ್ಮನಿದ್ದೆವು, ಅದೇ ನಾವು ಮಾಡಿದ ತಪ್ಪು. ಶೀತ ಆಗುತ್ತದೆ ಅಂತ ಹಾಲು, ಮಜ್ಜಿಗೆ ಬಿಟ್ಟು ಗಂಜಿ, ಉಪ್ಪಿನಕಾಯಿಯಲ್ಲೇ ದಿನ ದೂಡುತ್ತಿದ್ದರು, ಜೊತೆಗೆ ಹತ್ತು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ.

ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ಬರೀ 140 (ಪಿಕೋಗ್ರಾಂ/ಮಿ.ಲೀ. ಲೆಕ್ಕದಲ್ಲಿ)! ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಅಂತಾರೆ. ಇಂಜೆಕ್ಷನ್ ಶುರುವಾಗಿ ಎರಡು ತಿಂಗಳಿಗೆ ಅಮ್ಮ ಮತ್ತೆ ಪಕ್ಕದ ಮನೆಯವರನ್ನು ಕರೆದು ಮಾತಾಡಿಸತೊಡಗಿದರು.

ಬಸಳೆ, ಹರಿವೆ ಎಷ್ಟು ತಿಂದರೂ ಬಿ12 ಸಿಗುವುದಿಲ್ಲ. ಹಾಲು, ಮೊಸರಲ್ಲಿ ಸ್ವಲ್ಪ ಇದೆ, ಬೂತಾಯಿ, ಬಂಗುಡೆ ಮೀನು ತಿನ್ನುವವರಿಗೆ ಚೆನ್ನಾಗಿಯೇ ಸಿಗುತ್ತದೆ. ಹಾಗಂತ ಎಲ್ಲಾ ಖಿನ್ನತೆಗೂ ಇದೇ ಕಾರಣ ಅಲ್ಲ, ಮನಸ್ಸಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ಯಾರೂ ದಯವಿಟ್ಟು ನಿಲ್ಲಿಸಬೇಡಿ.

ನೀವು ಕಬ್ಬಿಣದ ಅಂಶ, ವಿಟಮಿನ್ ಡಿ ಬಗ್ಗೆ ಬರೆದಿದ್ದೀರಿ. ಮೆಟ್‌ಫಾರ್ಮಿನ್ ತುಂಬಾ ವರ್ಷ ತಗೊಂಡರೆ ಬಿ12 ಮೈಗೆ ಹತ್ತುವುದು ಕಡಿಮೆಯಾಗಬಹುದು ಅನ್ನುವುದನ್ನೂ ಸೇರಿಸಿ. ನಮ್ಮ ಊರಲ್ಲಿ ಶುಗರ್ ಮಾತ್ರೆ ನುಂಗುವ ಅಮ್ಮಂದಿರು ಎಷ್ಟು ಜನ ಇದ್ದಾರೆ, ಅಲ್ವಾ?